ಚಿಲುಮೆಗಳ ದಾರಿ

ಆಸ್ಟ್ರೇಲಿಯ ಒಂದು ದೇಶವೂ ಹೌದು, ಒಂದು ಖಂಡವೂ ಹೌದು. ಅದರ ವಿಸ್ತಾರ ಭಾರತದ ಎರಡರಷ್ಟಕ್ಕಿಂತಲೂ ಹೆಚ್ಚು. ಆದರೆ ಅಲ್ಲಿಯ ಜನಸಂಖ್ಯೆ 3 ಕೋಟಿಯನ್ನೂ ಮುಟ್ಟಿಲ್ಲ. ಇಷ್ಟು ಕಡಿಮೆ ಜನರೂ ನೆಲದ ತುಂಬ ಹರಡಿಕೊಂಡಿಲ್ಲ. ಅವರಲ್ಲಿ ಬಹುಪಾಲು ಮಂದಿ ಕಡಲಂಚಿನ ಕೆಲವು ನಗರಗಳಲ್ಲಿ ಒತ್ತಾಗಿ ನೆಲೆಸಿದ್ದಾರೆ. ಕಡಲಿಗೆ ಬೆನ್ನು ಮಾಡಿ ಒಳಕ್ಕೆ ಹೊರಟರೆ ಮೊದಲು ಗೋದಿಯ ಹೊಲಗಳು, ಆಮೇಲೆ ಕುರಿಗಳ ಹುಲ್ಲುಗಾವಲು, ಅದರಾಚೆಗೆ ಕುರುಚಲು ಗಿಡಗಳು, ಕೊನೆಗೆ ಕೆಂಪು ಮಣ್ಣು ಮತ್ತು ಕಲ್ಲು. ಈ ಒಳನಾಡನ್ನು ಅಲ್ಲಿಯವರು 'ಔಟ್‌ಬ್ಯಾಕ್' ಎಂದು ಕರೆಯುತ್ತಾರೆ. ಅದು ಎಲ್ಲಿ ಆರಂಭವಾಗುತ್ತದೆ ಎಂದು ಗೆರೆ ಎಳೆದು ತೋರಿಸುವುದು ಸಾಧ್ಯವಿಲ್ಲ. ಮುಂದಿನ ಪೆಟ್ರೋಲ್ ಬಂಕ್ ಎಷ್ಟು ದೂರವಿದೆ ಎಂದು ಪ್ರಯಾಣಿಕನು ಆತಂಕದಿಂದ ಲೆಕ್ಕ ಹಾಕತೊಡಗಿದ ಸ್ಥಳವೇ ಅದರ ಬಾಗಿಲು ಎಂದರೆ ತಪ್ಪಾಗಲಾರದು.

ಅಂಥ ಬಾಗಿಲುಗಳಲ್ಲಿ ಒಂದು, ದಕ್ಷಿಣ ಆಸ್ಟ್ರೇಲಿಯದ ಮರೀ ಎಂಬ ಸಣ್ಣ ಊರು. ಅದು ಅಡಿಲೇಡ್ ನಗರದಿಂದ ಉತ್ತರಕ್ಕೆ ಸುಮಾರು 680 ಕಿಲೋಮೀಟರು ದೂರದಲ್ಲಿದೆ. ಇಲ್ಲಿಂದ ಎರಡು ಮಣ್ಣಿನ ರಸ್ತೆಗಳು ಕವಲೊಡೆಯುತ್ತವೆ. ಒಂದು ಈಶಾನ್ಯಕ್ಕೆ ಹೊರಟು ಬರ್ಡ್ಸ್‌ವಿಲ್ ಊರನ್ನು ಸೇರುತ್ತದೆ. ಇನ್ನೊಂದು ವಾಯವ್ಯದ ಕಡೆಗೆ ತಿರುಗಿ, ವಿಲಿಯಂ ಕ್ರೀಕ್, ಊಡ್ನಡಾಟ ಎಂಬ ಊರುಗಳನ್ನು ಹಾದು, 600 ಕಿಲೋಮೀಟರಿಗೂ ಮಿಗಿಲಾದ ದೂರ ಸಾಗಿ, ಮಾರ್ಲಾ ಎಂಬಲ್ಲಿ ಡಾಮರು ಹೆದ್ದಾರಿಯನ್ನು ಕೂಡುತ್ತದೆ. ಇದಕ್ಕೆ ಊಡ್ನಡಾಟ ಹಾದಿ ಎಂದು ಹೆಸರು. ಇದರ ಮೊದಲ 130 ಕಿಲೋಮೀಟರು, ಅಂದರೆ ಮರೀಯಿಂದ ಕವರ್ಡ್ ಸ್ಪ್ರಿಂಗ್ಸ್ ಎಂಬ ಬೀಡಿನವರೆಗಿನ ದಾರಿ, ಒಂದು ದಿನದ ನಿಧಾನವಾದ ಪ್ರಯಾಣಕ್ಕೆ ಹೇಳಿ ಮಾಡಿಸಿದಂತಿದೆ. ದೂರ ಹೆಚ್ಚಲ್ಲ, ನೋಡಬೇಕಾದುದು ಹೆಚ್ಚು.

ಈ ಪ್ರಯಾಣಕ್ಕೆ ಮೇ ತಿಂಗಳಿಂದ ಸೆಪ್ಟೆಂಬರಿನವರೆಗಿನ ಕಾಲ ಪ್ರಶಸ್ತ. ದಕ್ಷಿಣ ಗೋಳಾರ್ಧವಾದ್ದರಿಂದ ಅಲ್ಲಿ ಅದು ಚಳಿಗಾಲ. ಡಿಸೆಂಬರ್, ಜನವರಿ ತಿಂಗಳುಗಳ ಬೇಸಗೆಯ ಬಿಸಿಲು ಎಂಥದೆಂಬುದಕ್ಕೆ ಒಂದು ನಿದರ್ಶನ ಸಾಕು: 1960ರ ಜನವರಿ 2ರಂದು ಊಡ್ನಡಾಟದಲ್ಲಿ ಉಷ್ಣತೆ 50.7 ಡಿಗ್ರಿ ಸೆಲ್ಸಿಯಸ್‌ಗೆ ಏರಿತ್ತು. ಚಳಿಗಾಲದಲ್ಲಿ ಹಗಲು ಹಿತವಾಗಿರುತ್ತದೆ; ರಾತ್ರಿ ಮಾತ್ರ ಒಮ್ಮೊಮ್ಮೆ ನೀರು ಹೆಪ್ಪುಗಟ್ಟುವಷ್ಟು ಕೊರೆಯುತ್ತದೆ.

ಮರೀಯಲ್ಲಿ ಬೆಳಗಾಗುವ ಮುಂಚೆಯೇ ಸಿದ್ಧತೆ ಮೊದಲಾಗುತ್ತದೆ. ಅನುಭವಿ ಪ್ರಯಾಣಿಕನು ಮೊದಲು ನೋಡುವುದು ರಸ್ತೆಯ ಬದಿಯ ದೊಡ್ಡ ಫಲಕವನ್ನು. ಯಾವ ಹಾದಿ ತೆರೆದಿದೆ, ಯಾವುದು ಮುಚ್ಚಿದೆ ಎಂಬುದನ್ನು ಅದು ತಿಳಿಸುತ್ತದೆ. ವರ್ಷಕ್ಕೆ 20 ಸೆಂಟಿಮೀಟರ್ ಮಳೆಯೂ ಬಾರದ ಸೀಮೆ ಇದು. ಆದರೂ ಬಂದ ಅಲ್ಪ ಮಳೆಯೇ ಜೇಡಿಮಣ್ಣಿನ ರಸ್ತೆಯನ್ನು ಅಂಟಿನಂತೆ ಮಾಡಿಬಿಡುತ್ತದೆ. ಮುಚ್ಚಿದ ರಸ್ತೆಯಲ್ಲಿ ವಾಹನ ಓಡಿಸಿದವನಿಗೆ ದಂಡ ತಪ್ಪದು. ಒಂದು ಗಾಡಿಯ ಚಕ್ರ ಕೊರೆದ ಆಳವಾದ ಜಾಡು ಒಣಗಿದ ಮೇಲೆ ಎಲ್ಲರಿಗೂ ಅಪಾಯಕಾರಿಯಾಗುವುದರಿಂದ ಈ ಕಟ್ಟುನಿಟ್ಟು.

ಮುಂದಿನ ಪೆಟ್ರೋಲ್ 200 ಕಿಲೋಮೀಟರು ದೂರದ ವಿಲಿಯಂ ಕ್ರೀಕ್‌ನಲ್ಲಿ ದೊರೆಯುತ್ತದೆ. ಆದುದರಿಂದ ಟ್ಯಾಂಕನ್ನು ಕಂಠಮಟ್ಟ ತುಂಬಿಸಬೇಕು. ಎರಡು ಬದಲಿ ಟೈರುಗಳು, ಗುದ್ದಲಿ, ಗಾಳಿಯ ಒತ್ತಡ ಅಳೆಯುವ ಮಾಪಕ, ಗಾಳಿ ತುಂಬುವ ಪಂಪು ಇವೆಲ್ಲ ಇರಲೇಬೇಕು. ಟೈರಿನ ಗಾಳಿಯನ್ನು ಸ್ವಲ್ಪ ಇಳಿಸಿದರೆ ಅದು ನೆಲದ ಮೇಲೆ ಅಗಲವಾಗಿ ಕೂರುತ್ತದೆ, ಕಲ್ಲಿನ ಪೆಟ್ಟನ್ನು ತಡೆಯುತ್ತದೆ, ಮರಳಿನಲ್ಲಿ ಹೂತುಹೋಗುವುದಿಲ್ಲ. ನೋಡುವುದಕ್ಕೆ ಅಲ್ಪ ಸಂಗತಿ. ಆದರೆ ಈ ನಾಡಿನಲ್ಲಿ ಅದನ್ನು ಅರಿಯದೆ ಇರುವುದರ ಬೆಲೆ ಏನೆಂಬುದು ಮುಂದೆ ತಿಳಿಯುತ್ತದೆ. ಇನ್ನು ನೀರು: ಒಬ್ಬನಿಗೆ ದಿನಕ್ಕೆ ಕಡಮೆಯೆಂದರೂ 5 ಲೀಟರು, ಬೇಸಗೆಯಲ್ಲಾದರೆ ಅದರ ಎರಡರಷ್ಟು, ಅದೂ ಪ್ರಯಾಣದ ದಿನಗಳಿಗಷ್ಟೇ ಅಲ್ಲ, ಇನ್ನೂ ಕೆಲವು ದಿನಗಳಿಗೆ ಸಾಲುವಷ್ಟು. ನೀರನ್ನೆಲ್ಲ ಒಂದೇ ಪಾತ್ರೆಯಲ್ಲಿ ತುಂಬಿಸುವುದು ಜಾಣತನವಲ್ಲ. ಒಂದು ಸೋರಿದರೆ ಇನ್ನೊಂದಾದರೂ ಉಳಿಯಬೇಕು.

ಊರು ಬಿಟ್ಟೊಡನೆ ಡಾಮರು ಮಾಯವಾಗುತ್ತದೆ. ರಸ್ತೆಯ ಮೈಮೇಲೆ ನೀರಿನ ಅಲೆಗಳಂತೆ ಏಣುಗಳೆದ್ದಿರುತ್ತವೆ. ಅವುಗಳ ಮೇಲೆ ವಾಹನ ಓಡುವಾಗ ಹಲ್ಲುಗಳು ಕಟಕಟಿಸುತ್ತವೆ. ಒಳಗಿನ ಡಬ್ಬಿಗಳೆಲ್ಲ ತಾಳ ಹಾಕುತ್ತವೆ. ಎದುರಿನಿಂದ ದನಗಳನ್ನು ಹೊತ್ತ ಲಾರಿಯೊಂದು ಬಂದರೆ ಪಕ್ಕಕ್ಕೆ ಸರಿದು ನಿಲ್ಲುವುದೇ ಲೇಸು. ಒಂದರ ಹಿಂದೊಂದು ಎರಡು ಮೂರು ಗಾಡಿಗಳನ್ನು ಕಟ್ಟಿಕೊಂಡು ಬರುವ ಈ ವಾಹನಗಳಿಗೆ 'ರಸ್ತೆಯ ರೈಲು' ಎಂದೇ ಹೆಸರು. ಅದು ಹಾದುಹೋದ ಮೇಲೆ ಧೂಳಿನ ಪರದೆ ಸರಿಯುವವರೆಗೂ ಮುಂದಿನದೇನೂ ಕಾಣದು.

ಮರೀಯಿಂದ ಸುಮಾರು 40 ಕಿಲೋಮೀಟರು ಹೋದ ಮೇಲೆ ಒಂದು ತಂತಿಬೇಲಿ ಅಡ್ಡಬರುತ್ತದೆ. ಆಳೆತ್ತರದ ಸಾಧಾರಣ ಬೇಲಿ. ಆದರೆ ಅದರ ಉದ್ದ ಸುಮಾರು 5,600 ಕಿಲೋಮೀಟರು! ಡಿಂಗೊ ಎಂಬ ಕಾಡುನಾಯಿಗಳು ಕುರಿಗಳ ಸೀಮೆಗೆ ನುಗ್ಗದಂತೆ ಕ್ವೀನ್ಸ್‌ಲ್ಯಾಂಡ್ ರಾಜ್ಯದಿಂದ ದಕ್ಷಿಣದ ಕಡಲಿನವರೆಗೂ ಎಳೆದ ಬೇಲಿ ಇದು. ಇದರ ಒಳಬದಿಗೆ ಕುರಿ ಸಾಕಣೆ, ಹೊರಬದಿಗೆ ದನಗಳ ಸಾಕಣೆ. ನಾಯಿಯ ಕಾಟ ತಪ್ಪಿದ್ದರಿಂದ ಒಳಬದಿಯಲ್ಲಿ ಕಾಂಗರೂಗಳು ಹೆಚ್ಚಿ ಕುರಿಯ ಹುಲ್ಲಿಗೆ ಪೈಪೋಟಿಗೆ ನಿಂತವು. ಒಂದು ಶತ್ರುವನ್ನು ಹೊರಗಿಟ್ಟ ಮನುಷ್ಯ ಇನ್ನೊಂದನ್ನು ಒಳಗೇ ಬೆಳೆಸಿಕೊಂಡಂತಾಯಿತು.

ಬೇಲಿ ದಾಟಿದ ಮೇಲೆ ಒಂದು ಪ್ರಶ್ನೆ ಮನಸ್ಸಿಗೆ ಬರುವುದು ಸಹಜ. ಇಷ್ಟು ವಿಶಾಲವಾದ ಸಮತಟ್ಟು ನೆಲದಲ್ಲಿ ಎತ್ತ ಬೇಕಾದರೂ ರಸ್ತೆ ಮಾಡಬಹುದಿತ್ತು. ಹೀಗಿರುವಾಗ ಈ ಹಾದಿ ನೇರವಾಗಿ ಉತ್ತರಕ್ಕೆ ಹೋಗದೆ ಪಶ್ಚಿಮಕ್ಕೆ ಬಾಗಿ ಬಳಸಿಕೊಂಡು ಹೋಗುವುದೇಕೆ? ಈ ರಸ್ತೆಯ ರೂಪವನ್ನು ನಿರ್ಧರಿಸಿದವನು ಯಾವ ಎಂಜಿನಿಯರನೂ ಅಲ್ಲ, ನೆಲದೊಳಗಿನ ನೀರು.

ಆಸ್ಟ್ರೇಲಿಯದ ಪೂರ್ವದಲ್ಲಿರುವ ಪರ್ವತಶ್ರೇಣಿಯ ಇಳಿಜಾರಿನಲ್ಲಿ ಬಿದ್ದ ಮಳೆಯಲ್ಲಿ ಒಂದು ಪಾಲು ಮರಳುಗಲ್ಲಿನ ಪದರಗಳಲ್ಲಿ ಇಂಗುತ್ತದೆ. ಆ ಪದರಗಳ ಮೇಲೂ ಕೆಳಗೂ ನೀರು ತೂರದ ಗಟ್ಟಿ ಬಂಡೆಗಳಿವೆ. ಎರಡು ಮುಚ್ಚಳಗಳ ನಡುವೆ ಸಿಕ್ಕಿಕೊಂಡ ಈ ನೀರು ವರ್ಷಕ್ಕೆ ಕೆಲವೇ ಮೀಟರುಗಳಷ್ಟು ತೆವಳುತ್ತ ಪಶ್ಚಿಮಕ್ಕೆ ಸರಿಯುತ್ತದೆ. ಖಂಡದ ಐದನೆಯ ಒಂದು ಭಾಗಕ್ಕಿಂತಲೂ ಹೆಚ್ಚು ವಿಸ್ತಾರವಾದ, 17 ಲಕ್ಷ ಚದರ ಕಿಲೋಮೀಟರಿನ ಈ ಭೂಗತ ಜಲರಾಶಿಗೆ ಮಹಾ ಆರ್ಟೀಸಿಯನ್ ಜಲಾನಯನ ಎಂದು ಹೆಸರು. ಅದರ ಪಶ್ಚಿಮದ ಅಂಚಿನಲ್ಲಿ ಬಂಡೆಯ ಪದರಗಳು ತೆಳುವಾಗಿ, ಬಿರುಕುಬಿಟ್ಟು, ನೀರು ಮೇಲಕ್ಕೆ ಚಿಮ್ಮುತ್ತದೆ. ಹೀಗೆ ಹೊರಬರುವ ನೀರು ಮಳೆಯಾಗಿ ಬಿದ್ದು ಲಕ್ಷಾಂತರ ವರ್ಷಗಳಾಗಿರುತ್ತವೆ. ನೀರಿನಲ್ಲಿ ಕರಗಿದ ಲವಣಗಳೂ ಗಾಳಿ ತಂದ ಮರಳೂ ಸುತ್ತ ಕೂಡಿಕೊಂಡು, ಕಾಲಕ್ರಮದಲ್ಲಿ ಚಿಲುಮೆಯ ಸುತ್ತ ಒಂದು ದಿಬ್ಬ ಬೆಳೆಯುತ್ತದೆ. ದಿಬ್ಬದ ನೆತ್ತಿಯ ಮೇಲೆ ನೀರು! ಇಂಥ ಚಿಲುಮೆಗಳು ಒಂದು ದೊಡ್ಡ ಕಮಾನಿನಂತೆ ಸಾಲುಗೊಂಡಿವೆ. ಊಡ್ನಡಾಟ ಹಾದಿ ಆ ಕಮಾನಿನ ಗುಂಟವೇ ಸಾಗುತ್ತದೆ.

ಈ ಗುಟ್ಟನ್ನು ಮೊದಲು ಅರಿತವರು ಅಲ್ಲಿಯ ಮೂಲನಿವಾಸಿಗಳು. ಅರಬಾನ ಜನರೂ ಅವರ ನೆರೆಯವರೂ ಸಹಸ್ರಾರು ವರ್ಷಗಳಿಂದ ಚಿಲುಮೆಯಿಂದ ಚಿಲುಮೆಗೆ ನಡೆದರು. ದಕ್ಷಿಣದ ಫ್ಲಿಂಡರ್ಸ್ ಪರ್ವತಗಳ ಕೆಂಪು ಕಾವಿಮಣ್ಣು ಈ ಒಣಸೀಮೆಯ ಕಾಲುದಾರಿಗಳಲ್ಲಿ ನೂರಾರು ಕಿಲೋಮೀಟರು ಸಾಗುತ್ತಿತ್ತು. 1859ರ ಸುಮಾರಿಗೆ ಜಾನ್ ಮೆಕ್‌ಡುವಲ್ ಸ್ಟುವರ್ಟ್ ಎಂಬ ಅನ್ವೇಷಕನು ಈ ಚಿಲುಮೆಗಳ ಸಾಲನ್ನು ಹಿಡಿದು ಉತ್ತರಕ್ಕೆ ಹೊರಟನು. ಮತ್ತೆ ಮತ್ತೆ ಸೋತು ಹಿಂದಿರುಗಿದರೂ ಬಿಡದೆ 1862ರ ಜುಲೈನಲ್ಲಿ ಉತ್ತರದ ಕಡಲನ್ನು ಮುಟ್ಟಿದನು. ಚಾರ್ಲ್ಸ್ ಟಾಡ್ ಎಂಬ ಅಧಿಕಾರಿಯ ನೇತೃತ್ವದಲ್ಲಿ ಅವನ ಜಾಡಿನಲ್ಲಿಯೇ ಸುಮಾರು 36,000 ಕಂಬಗಳನ್ನು ನೆಟ್ಟು, 3,200 ಕಿಲೋಮೀಟರು ಉದ್ದದ ತಂತಿಯನ್ನು ಎಳೆಯಲಾಯಿತು. 1872ರ ಆಗಸ್ಟ್ 22ರಂದು ಆ ಕೆಲಸ ಮುಗಿಯಿತು. ಅಲ್ಲಿಯವರೆಗೆ ಹಡಗಿನಲ್ಲಿ ವಾರಗಟ್ಟಲೆ ಸಾಗುತ್ತಿದ್ದ ಲಂಡನ್ನಿನ ಸುದ್ದಿ ಆಮೇಲೆ ಗಂಟೆಗಳಲ್ಲಿ ತಲಪತೊಡಗಿತು. ತಂತಿಯ ಹಿಂದೆಯೇ ರೈಲು ಬಂದಿತು. ಉಗಿಯಂತ್ರಕ್ಕೂ ನೀರು ಬೇಕಷ್ಟೆ! 1884ರಲ್ಲಿ ಮರೀಗೆ, 1891ರಲ್ಲಿ ಊಡ್ನಡಾಟಕ್ಕೆ, 1929ರಲ್ಲಿ ಆಲಿಸ್ ಸ್ಪ್ರಿಂಗ್ಸ್‌ಗೆ ಕಂಬಿಗಳು ತಲಪಿದವು.

ಈ ರೈಲಿಗೆ ಜನ ಇಟ್ಟ ಹೆಸರು 'ಘಾನ್'. ಅಂದರೆ 'ಅಫ್ಘಾನ್' ಎಂಬುದರ ಮೊಟಕು ರೂಪ. ಇದರ ಹಿನ್ನೆಲೆಯಲ್ಲಿ ಭಾರತಕ್ಕೂ ಸಂಬಂಧಪಟ್ಟ ಒಂದು ಕಥೆಯಿದೆ. ಕುದುರೆ, ಎತ್ತುಗಳು ನೀರಿಲ್ಲದೆ ಸೋತ ಈ ನಾಡಿಗೆ ಅಂದಿನ ಬ್ರಿಟಿಷ್ ಭಾರತದ ಕರಾಚಿ ಬಂದರಿನಿಂದ ಒಂಟೆಗಳನ್ನು ತರಿಸಿದರು. ಅವುಗಳೊಂದಿಗೆ ಪೇಶಾವರ, ಬಲೂಚಿಸ್ತಾನ, ಸಿಂಧ್, ಪಂಜಾಬ್ ಮುಂತಾದ ಕಡೆಗಳಿಂದ ಒಂಟೆ ಹೊಡೆಯುವವರೂ ಬಂದರು. ಆಫ್ಘಾನಿಸ್ತಾನವನ್ನು ಕಂಡಿರದವರನ್ನೂ ಸೇರಿಸಿ ಎಲ್ಲರನ್ನೂ ಒಂದೇ ಮಾತಿನಲ್ಲಿ 'ಅಫ್ಘಾನರು' ಎಂದುಬಿಟ್ಟರು. ತಂತಿಯ ಕಂಬ, ರೈಲಿನ ದಿಮ್ಮಿ, ಕುರಿಯ ಉಣ್ಣೆ, ದೂರದ ಮನೆಗಳ ಹಿಟ್ಟು, ಸಕ್ಕರೆ, ಕಾಗದಪತ್ರ ಎಲ್ಲವೂ ಅವರ ಒಂಟೆಗಳ ಬೆನ್ನಿನ ಮೇಲೆ ಸಾಗಿದವು. ಮರೀಯಲ್ಲಿ ಅವರ ಕೇರಿ ರೈಲುದಾರಿಯ ಒಂದು ಪಕ್ಕಕ್ಕೆ, ಬಿಳಿಯರ ಮನೆಗಳು ಇನ್ನೊಂದು ಪಕ್ಕಕ್ಕೆ ಇದ್ದವು. ಅವರು ಮಣ್ಣಿನಿಂದ ಕಟ್ಟಿಕೊಂಡಿದ್ದ ಮಸೀದಿಯ ಒಂದು ಮಾದರಿಯನ್ನು ಈಗಲೂ ಅಲ್ಲಿ ಕಾಣಬಹುದು. 1901ರ ಅನಂತರ ಬಂದ ವರ್ಣಭೇದದ ವಲಸೆ ಕಾನೂನಿನಿಂದಾಗಿ ಅವರಲ್ಲಿ ಅನೇಕರು ಊರಿನಿಂದ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಲಾರದೆ ಹೋದರು. ನಾಡನ್ನು ಬೆಸೆದವರಿಗೆ ಆ ನಾಡಿನ ಪೌರತ್ವ ದೊರೆಯಲಿಲ್ಲ. 1920ರ ದಶಕದಲ್ಲಿ ಲಾರಿಗಳು ಬಂದಾಗ ಒಂಟೆಗಳಿಗೆ ಕೆಲಸ ತಪ್ಪಿತು. ಸಾಕಿದ ಪ್ರಾಣಿಯನ್ನು ಕೊಲ್ಲಲು ಮನಸ್ಸು ಬಾರದ ಒಡೆಯರು ಅವುಗಳನ್ನು ಬಯಲಿಗೆ ಬಿಟ್ಟರು. ಅವು ಕಾಡುಪಾಲಾಗಿ ಲಕ್ಷಗಟ್ಟಲೆ ಬೆಳೆದುವು.

ಉಗಿಯಂತ್ರಗಳ ಬದಲು ಡೀಸೆಲ್ ಯಂತ್ರಗಳು 1954ರಲ್ಲಿ ಬಂದ ಮೇಲೆ ರೈಲಿಗೆ ಚಿಲುಮೆಗಳ ಹಂಗು ತಪ್ಪಿತು. ಪ್ರವಾಹಗಳಿಗೆ ಮತ್ತೆ ಮತ್ತೆ ಕೊಚ್ಚಿಹೋಗುತ್ತಿದ್ದ ಹಳೆಯ ದಾರಿಯನ್ನು 1980ರಲ್ಲಿ ಕೈಬಿಟ್ಟು, ಪಶ್ಚಿಮಕ್ಕೆ ದೂರದಲ್ಲಿ ಹೊಸ ದಾರಿ ಹಾಕಿದರು. ರಸ್ತೆಯ ಪಕ್ಕದಲ್ಲಿ ಇಂದು ಕಾಣುವುದು ಬರಿಯ ಏರಿ, ಮುರಿದ ಸೇತುವೆಗಳು, ಛಾವಣಿಯಿಲ್ಲದ ಕಲ್ಲುಕಟ್ಟಡಗಳು. ಕರ್ಡಿಮರ್ಕ ಎಂಬ ಹಳೆಯ ನಿಲ್ದಾಣದಲ್ಲಿ ನೀರಿನ ಗಡಸನ್ನು ತೆಗೆಯುತ್ತಿದ್ದ ಎತ್ತರದ ಕಬ್ಬಿಣದ ಗೋಪುರವೊಂದು ನಿಂತಿದೆ. ಪಕ್ಕದಲ್ಲಿ ತುಸು ದೂರ ಕಂಬಿಗಳೂ ಉಳಿದಿವೆ. ಎಲ್ಲಿಂದಲೂ ಬಾರದೆ ಎಲ್ಲಿಗೂ ಹೋಗದ ಕಂಬಿಗಳು.

ಕರ್ಡಿಮರ್ಕಕ್ಕೆ ಸ್ವಲ್ಪ ಮುಂಚೆ ಬಲಗಡೆ ಬಿಳಿಯ ಬಯಲೊಂದು ಹೊಳೆಯುತ್ತದೆ. ನೀರೆಂದು ಭ್ರಮಿಸಿದರೆ ಅದು ಉಪ್ಪು. ಅದೇ ಕಾಟಿ ತಂಡ, ಅಥವಾ ಐರ್ ಸರೋವರದ ದಕ್ಷಿಣ ಭಾಗ. ಇಡೀ ಸರೋವರದ ವಿಸ್ತಾರ 9,000 ಚದರ ಕಿಲೋಮೀಟರಿಗೂ ಹೆಚ್ಚು. ಅದರ ತಳ ಸಮುದ್ರಮಟ್ಟಕ್ಕಿಂತ ಸುಮಾರು 15 ಮೀಟರು ಕೆಳಗಿದೆ. ಖಂಡದ ಆರನೆಯ ಒಂದು ಭಾಗದ ನೀರು ಹರಿದು ಸೇರಬೇಕಾದದ್ದು ಇಲ್ಲಿಗೇ. ಆದರೆ ಬಹು ವರ್ಷಗಳಲ್ಲಿ ನದಿಗಳು ದಾರಿಯಲ್ಲೇ ಇಂಗಿಹೋಗುತ್ತವೆ. ಡೊನಾಲ್ಡ್ ಕ್ಯಾಂಪ್‌ಬೆಲ್ ಎಂಬ ಇಂಗ್ಲಿಷ್ ಸಾಹಸಿ ಈ ಗಟ್ಟಿಯಾದ ಉಪ್ಪಿನ ಬಯಲನ್ನು ಕಾರಿನ ವೇಗದ ದಾಖಲೆಗಾಗಿ ಆರಿಸಿಕೊಂಡನು. ಬಹುಕಾಲದಿಂದ ಸರಿಯಾದ ಮಳೆ ಕಾಣದಿದ್ದ ಆ ಸ್ಥಳದಲ್ಲಿ ಅವನು ಬಂದ 1963ರಲ್ಲಿ ಮಳೆ ಸುರಿಯಿತು! ಮರುವರ್ಷ ಜುಲೈ 17ರಂದು ಅವನು ಗಂಟೆಗೆ 648 ಕಿಲೋಮೀಟರು ವೇಗ ಸಾಧಿಸಿದನು. ಹತ್ತು ವರ್ಷಗಳ ಮೇಲೆ, 1974ರಲ್ಲಿ, ದೂರದ ಕ್ವೀನ್ಸ್‌ಲ್ಯಾಂಡಿನ ಮಹಾಪೂರ ಬಂದು ಸರೋವರ ಹಿಂದೆಂದೂ ದಾಖಲಾಗದಷ್ಟು ತುಂಬಿತು. ಹಾಗೆ ನೀರು ಬಂದ ವರ್ಷಗಳಲ್ಲಿ ಕಡಲತೀರದಿಂದ ಪೆಲಿಕನ್ ಹಕ್ಕಿಗಳು ಸಾವಿರಗಟ್ಟಲೆ ಬಂದಿಳಿದು ಮರಿ ಮಾಡುತ್ತವೆ. ಅರಬಾನ ಜನರಿಗೆ ಈ ಸರೋವರ ಪವಿತ್ರ ಸ್ಥಳ. 2012ರಲ್ಲಿ ಈ ನೆಲದ ಮೇಲಿನ ಅವರ ಹಕ್ಕನ್ನು ನ್ಯಾಯಾಲಯ ಮನ್ನಿಸಿತು. ಅದೇ ವರ್ಷ ಸರೋವರದ ಅಧಿಕೃತ ಹೆಸರಿನಲ್ಲಿ 'ಕಾಟಿ ತಂಡ' ಎಂಬ ಅವರ ಹೆಸರೂ ಸೇರಿತು.

ಹೊತ್ತು ಇಳಿಮುಖವಾಗುವಾಗ ಎಡಗಡೆಯ ಕಿರುದಾರಿ ಎರಡು ಚಿಲುಮೆಗಳ ಬಳಿಗೆ ಒಯ್ಯುತ್ತದೆ. ಒಂದು ಬ್ಲಾಂಚ್ ಕಪ್. ದಿಬ್ಬದ ನೆತ್ತಿಯಲ್ಲಿ ಬಟ್ಟಲಿನಂತೆ ದುಂಡಗಿರುವ ಹಸುರು ಕೊಳ. ಇನ್ನೊಂದು ಬಬ್ಲರ್, ಅದರ ತಳದ ಮರಳು ಒಳಗಿನ ನೀರಿನ ಒತ್ತಡಕ್ಕೆ ಉಬ್ಬುತ್ತದೆ, ಸುತ್ತುತ್ತದೆ, ಒಡೆಯುತ್ತದೆ, ಮತ್ತೆ ಉಬ್ಬುತ್ತದೆ. ಪೂರ್ವಜನೊಬ್ಬನು ಬೇಟೆಯಾಡಿ ಕೊಂದ ಮಹಾಸರ್ಪದ ಕೊನೆಯ ಹೊರಳಾಟವಿದು ಎಂದು ಅರಬಾನರ ಪುರಾಣ ಹೇಳುತ್ತದೆ. ನೀರಿನ ಎದುರು ಕುಳಿತು ಹತ್ತು ನಿಮಿಷ ನೋಡಿದವನಿಗೆ ಆ ಕಥೆ ಕಟ್ಟುಕಥೆಯೆನಿಸುವುದಿಲ್ಲ. ಬೇರೆಲ್ಲಿಯೂ ಇಲ್ಲದ ಸಣ್ಣ ಬಸವನಹುಳುಗಳು ಇಂಥ ಚಿಲುಮೆಗಳಲ್ಲಿ ಬದುಕುತ್ತವೆ. ಅವುಗಳಿಗೆ ಈ ಕೊಳವೇ ಒಂದು ದ್ವೀಪ. ಆದರೆ 19ನೆಯ ಶತಮಾನದ ಕೊನೆಯಿಂದ ದನಗಳಿಗಾಗಿ ಕೊರೆದ ಸಾವಿರಾರು ಕೊಳವೆಬಾವಿಗಳು ಮುಚ್ಚಳವಿಲ್ಲದೆ ಹಗಲಿರುಳೂ ಹರಿದವು. 1988ರಲ್ಲಿ ಉತ್ಪಾದನೆ ಆರಂಭಿಸಿದ ಒಲಿಂಪಿಕ್ ಡ್ಯಾಂ ಗಣಿಯೂ ಇದೇ ಜಲರಾಶಿಯಿಂದ ನೀರೆತ್ತಿತು. ನೆಲದೊಳಗಿನ ಒತ್ತಡ ಕುಗ್ಗಿ ಎಷ್ಟೋ ಚಿಲುಮೆಗಳು ಸೊರಗಿದವು, ಕೆಲವು ಬತ್ತಿದವು. ಬಾವಿಗಳಿಗೆ ಮುಚ್ಚಳ ಹಾಕುವ ಕೆಲಸ ದಶಕಗಳಿಂದ ನಡೆದಿದೆ. ಲಕ್ಷಾಂತರ ವರ್ಷ ನಡೆದು ಬಂದ ನೀರು ದನದ ತೊಟ್ಟಿಗೂ ತಲಪದೆ ಮರಳಿನಲ್ಲಿ ಇಂಗಿಹೋದುದು ದುಃಖದ ಸಂಗತಿಯೇ.

ಅಲ್ಲಿಂದ ಕೆಲವೇ ಕಿಲೋಮೀಟರು ದೂರದಲ್ಲಿ ಕವರ್ಡ್ ಸ್ಪ್ರಿಂಗ್ಸ್. 19ನೆಯ ಶತಮಾನದ ಕೊನೆಯಲ್ಲಿ ನೆಟ್ಟ ಖರ್ಜೂರದ ಮರಗಳು, ಹಳೆಯ ರೈಲು ನೌಕರರ ಕಲ್ಲಿನ ಮನೆ, ಕೊಳವೆಬಾವಿಯ ನೀರಿನಿಂದ ಹುಟ್ಟಿದ ಜೊಂಡಿನ ಜೌಗು. ಕತ್ತಲಾಗುವ ಮುಂಚೆಯೇ ಬೀಡುಬಿಡುವುದು ಇಲ್ಲಿಯ ವಾಡಿಕೆ. ಮುಸ್ಸಂಜೆಯಲ್ಲಿ ಕಾಂಗರೂಗಳೂ ದನಗಳೂ ರಸ್ತೆಗೆ ಅಡ್ಡಬರುತ್ತವೆ. ಬೀಡಿಗೆ ಜಾಗ ಆರಿಸುವುದರಲ್ಲಿಯೂ ವಿವೇಕ ಬೇಕು. ಒಣಗಿದ ಹೊಳೆಯ ಪಾತ್ರದ ಮರಳು ಮೆತ್ತನೆಯ ಹಾಸಿಗೆಯಂತೆ ಕಂಡರೂ ಅಲ್ಲಿ ಮಲಗಬಾರದು; ಎಲ್ಲಿಯೋ ಬಿದ್ದ ಮಳೆ ಇರುಳಿನಲ್ಲಿ ಸದ್ದಿಲ್ಲದೆ ಬಂದೀತು. ದನದ ತೊಟ್ಟಿಯ ಹತ್ತಿರವೂ ಸಲ್ಲದು. ಮನುಷ್ಯರಿಗೆ ಬೆದರಿದ ಪ್ರಾಣಿಗಳು ನೀರಿಗೆ ಬಾರದೆ ಬಾಯಾರುತ್ತವೆ. ಬಿದ್ದ ಕೊಂಬೆಗಳು ಹಲ್ಲಿ, ಹಾವುಗಳ ಮನೆಯಾದ್ದರಿಂದ ತಿಳಿದವರು ಸೌದೆಯನ್ನು ತಮ್ಮೊಡನೆಯೇ ತರುತ್ತಾರೆ. ಸೂರ್ಯ ಮುಳುಗಿದೊಡನೆ ಹಗಲೆಲ್ಲ ಕಣ್ಣು ಮೂಗಿಗೆ ಮುತ್ತುತ್ತಿದ್ದ ನೊಣಗಳು ಆಜ್ಞೆಯಾದಂತೆ ಮಾಯವಾಗುತ್ತವೆ. ಬೆಂಕಿಯ ಮೇಲೆ ತಗಡಿನ ಡಬ್ಬಿಯಲ್ಲಿ ಚಹ ಕುದಿಯುತ್ತದೆ. ಬೂದಿಯಲ್ಲಿ ಹಿಟ್ಟಿನ ಮುದ್ದೆ ಬೆಂದು ರೊಟ್ಟಿಯಾಗುತ್ತದೆ.

ಇಂಥ ಬೆಂಕಿಯ ಸುತ್ತ ಹಳಬರು ಹೊಸಬರಿಗೆ ತಪ್ಪದೆ ಹೇಳುವ ಒಂದು ಘಟನೆಯಿದೆ. 1998ರ ಡಿಸೆಂಬರಿನ ಸುಡುಬಿಸಿಲಿನಲ್ಲಿ ಯುರೋಪಿನಿಂದ ಬಂದಿದ್ದ ಇಬ್ಬರು ಪ್ರವಾಸಿಗಳು ವಿಲಿಯಂ ಕ್ರೀಕ್‌ನಿಂದ ಸುಮಾರು 60 ಕಿಲೋಮೀಟರು ದೂರದ ಸರೋವರದ ದಂಡೆಗೆ ಹೋದರು. ಅವರ ವಾಹನ ಮರಳಿನಲ್ಲಿ ಹೂತಿತು. ಹತ್ತಿರದಲ್ಲಿಯೇ ನೆರಳಿತ್ತು, ನೀರಿನ ತೊಟ್ಟಿಯೂ ಇತ್ತು. ಕೆಲವು ದಿನ ಕಾದರು, ಯಾರೂ ಬರಲಿಲ್ಲ. ಕೊನೆಗೆ ನಡೆದೇ ಹೋಗುವುದೆಂದು ನಿಶ್ಚಯಿಸಿ ಹೊರಟರು. ಒಬ್ಬನು ಬಳಲಿ ಹಿಂದಿರುಗಿ ತೊಟ್ಟಿಯ ಬಳಿ ಉಳಿದನು, ಬದುಕಿಕೊಂಡನು. ಮುಂದೆ ನಡೆದ ಹೆಣ್ಣುಮಗಳು ಅರ್ಧದಾರಿಯಲ್ಲಿ ಬಿದ್ದು ಪ್ರಾಣಬಿಟ್ಟಳು. ಆಮೇಲೆ ಬಂದ ಪೋಲೀಸರು ಟೈರುಗಳ ಗಾಳಿಯನ್ನು ಸ್ವಲ್ಪ ಇಳಿಸಿ ಆ ವಾಹನವನ್ನು ಮರಳಿನಿಂದ ಹೊರಕ್ಕೆ ಓಡಿಸಿದರು.

ವಾಹನವನ್ನು ಬಿಟ್ಟು ನಡೆಯಬೇಡಿ ಎಂಬ ಮಾತು ಈ ಸೀಮೆಯ ಮೊದಲ ಪಾಠವಾಗಿರುವುದು ಇಂಥ ಸಾವುಗಳಿಂದಲೇ. ಬಯಲಿನಲ್ಲಿ ನಡೆಯುವ ಮನುಷ್ಯ ವಿಮಾನದಿಂದ ನೋಡುವವರಿಗೆ ಒಂದು ಚುಕ್ಕೆ. ನಿಂತ ವಾಹನವಾದರೆ ಬಿಸಿಲಿಗೆ ಹೊಳೆದು ಕಣ್ಣಿಗೆ ಬೀಳುತ್ತದೆ, ನೆರಳನ್ನೂ ಕೊಡುತ್ತದೆ. ಹೊರಡುವ ಮುನ್ನ ಎಲ್ಲಿಗೆ ಹೋಗುತ್ತೇವೆ, ಎಂದು ತಲಪುತ್ತೇವೆ ಎಂಬುದನ್ನು ನಂಬಿಕೆಯ ಒಬ್ಬರಿಗೆ ತಿಳಿಸಿ, ತಲಪಿದ ಮೇಲೆ ಅವರಿಗೆ ಸುದ್ದಿ ಮುಟ್ಟಿಸುವುದು ಎರಡನೆಯ ಪಾಠ. ಕಾಯಿಲೆಯಾದರೆ ಜಾನ್ ಫ್ಲಿನ್ ಎಂಬ ಪಾದ್ರಿ 1928ರಲ್ಲಿ ಆರಂಭಿಸಿದ ಹಾರುವ ವೈದ್ಯರ ಸೇವೆ ಇದೆ. ಒಳನಾಡಿನ ಎಷ್ಟೋ ಪ್ರಾಣಗಳನ್ನು ಅದು ಉಳಿಸಿದೆ. ಆದರೆ ಕರೆದರೆ ತಾನೆ ವಿಮಾನ ಬರುವುದು? ಸಾಧಾರಣ ಮೊಬೈಲು ಫೋನು ಈ ದಾರಿಯ ಬಹುಭಾಗದಲ್ಲಿ ಮೂಕ. ಉಪಗ್ರಹದ ಫೋನನ್ನು ಒಯ್ಯುವವರು ಇಂದು ಹೆಚ್ಚುತ್ತಿದ್ದಾರೆ.

ಬೆಂಕಿ ಕೆಂಡವಾದ ಮೇಲೆ ಆಕಾಶ ಇಳಿದುಬಂದಂತೆ ತೋರುತ್ತದೆ. ನೂರಾರು ಕಿಲೋಮೀಟರು ಸುತ್ತ ದೀಪಗಳಿಲ್ಲ. ಕರ್ನಾಟಕದಲ್ಲಿ ಬೇಸಗೆಯ ರಾತ್ರಿಗಳಲ್ಲಿ ದಕ್ಷಿಣ ದಿಗಂತಕ್ಕೆ ತಾಗಿಕೊಂಡಂತೆ ಕಾಣುವ ತ್ರಿಶಂಕು ನಕ್ಷತ್ರಗಳು ಇಲ್ಲಿ ಜೂನ್ ತಿಂಗಳ ಸಂಜೆ ಆಕಾಶದಲ್ಲಿ ಬಹು ಎತ್ತರಕ್ಕೆ ಏರಿರುತ್ತವೆ. ಅದರ ಪಕ್ಕದಲ್ಲಿ ಒಂದು ಕರಿಯ ಕಲೆಯಿದೆ. ಮೂಲನಿವಾಸಿಗಳು ಅದನ್ನು ಎಮು ಹಕ್ಕಿಯ ತಲೆಯಾಗಿ ಕಂಡರು. ಆಕಾಶಗಂಗೆಯ ಗುಂಟ ಹಬ್ಬಿದ ಕಪ್ಪು ಪಟ್ಟೆಯೇ ಅದರ ಕತ್ತು ಮತ್ತು ಒಡಲು. ಬೇರೆ ಜನಾಂಗಗಳು ನಕ್ಷತ್ರಗಳನ್ನು ಜೋಡಿಸಿ ಚಿತ್ರ ಬರೆದರೆ, ಇವರು ನಕ್ಷತ್ರಗಳ ನಡುವಿನ ಕತ್ತಲಲ್ಲಿಯೂ ಚಿತ್ರ ಕಂಡವರು. ದೂರದಲ್ಲೆಲ್ಲೋ ಡಿಂಗೊ ಊಳಿಡುತ್ತದೆ. ದಪ್ಪ ಕ್ಯಾನ್ವಾಸಿನ ಸುರುಳಿಹಾಸಿಗೆಯೊಳಗೆ ಪ್ರಯಾಣಿಕರು ಮುದುಡಿಕೊಳ್ಳುತ್ತಾರೆ.

ಬೆಳಗಿನ ಜಾವ ಜೊಂಡಿನೊಳಗಿಂದ ಹಕ್ಕಿಗಳ ಕಲಕಲ ಕೇಳುತ್ತದೆ. ಹಾಸಿಗೆಯ ಮೇಲೆ ಇಬ್ಬನಿ ಬಿದ್ದಿರುತ್ತದೆ. ಕೊಳವೆಯಿಂದ ಬರುವ ಬೆಚ್ಚನೆಯ ನೀರಿನ ಮೇಲೆ ತೆಳ್ಳಗೆ ಹಬೆಯಾಡುತ್ತಿರುತ್ತದೆ. ವಿಲಿಯಂ ಕ್ರೀಕ್‌ಗೆ ಇನ್ನು ಸುಮಾರು 75 ಕಿಲೋಮೀಟರು. ಕೆಂಡಕ್ಕೆ ನೀರು ಚಿಮುಕಿಸಿ, ಬೂದಿಯನ್ನು ಮಣ್ಣಿನಿಂದ ಮುಚ್ಚಿ, ನೀರಿನ ಡಬ್ಬಿಗಳನ್ನು ಎಣಿಸಿದ ಮೇಲೆ, ಪ್ರಯಾಣಿಕರಲ್ಲಿ ಒಬ್ಬನು ಮಾಪಕವನ್ನು ಹಿಡಿದು ನಾಲ್ಕು ಚಕ್ರಗಳ ಪಕ್ಕದಲ್ಲಿಯೂ ಒಂದೊಂದು ಬಾರಿ ಮಂಡಿಯೂರಿ ಕೂರುತ್ತಾನೆ.